ಕೂರುವುದು ಓಡದು, ಓಡುವುದು ಕೂರದು

ಪ್ರಶ್ನೆ: ನಾವು ನಾಪೋಕ್ಲು ಕಡೆಯವರು. ಹಡಗಿನಲ್ಲಿ ಎಂಜಿನಿಯರ್ ಆಗಿರುವ ನಮ್ಮ ಭಾವ ಈ ಸಲ ಜಪಾನಿನಿಂದ ನಿಂಟೆಂಡೊ ಸ್ವಿಚ್ 2 ಎಂಬ ವಿಡಿಯೊ ಗೇಮ್ ಯಂತ್ರ ತಂದುಕೊಟ್ಟಿದ್ದಾರೆ. ಅಲ್ಲಿ ಅಗ್ಗಕ್ಕೆ ಸಿಕ್ಕಿತಂತೆ. ಆದರೆ ತೆರೆಯ ಮೇಲೆ ಬರುವುದೆಲ್ಲ ಜಪಾನಿ ಲಿಪಿ. ಭಾಷೆ ಬದಲಿಸುವ ಜಾಗವೇ ಸಿಗುತ್ತಿಲ್ಲ, ನನ್ನ ಖಾತೆಯೂ ಸೇರುತ್ತಿಲ್ಲ. ಅಂಗಡಿಯವರೊಬ್ಬರು ಆರು ಸಾವಿರ ಕೊಟ್ಟರೆ ಚಿಪ್ ಹಾಕಿ ಲಾಕ್ ತೆಗೆಯುವುದಾಗಿ ಹೇಳುತ್ತಾರೆ. ಕೊಡಬಹುದೆ? ಇನ್ನೊಂದು ವಿಷಯ: ಈಗ ನಿವೃತ್ತರಾಗಿರುವ ದೊಡ್ಡಪ್ಪ ಬಹಳ ಹಿಂದೆ ತಂದಿದ್ದ ನಿಂಟೆಂಡೊದ ಹಳೆಯ ಗೇಮ್ ಯಂತ್ರ, ಜಪಾನಿನ ಸೂಪರ್ ಫ್ಯಾಮಿಕಾಮ್, ಐನ್‌ಮನೆಯ ಅಟ್ಟದಲ್ಲಿ ಸಿಕ್ಕಿದೆ. ಇನ್ನೂ ಕರೆಂಟಿಗೆ ಹಾಕಿಲ್ಲ. ಅದರ ಜೊತೆ, ಆಟ ತುಂಬಿರುವ ಜಪಾನಿನ ಕೆಲವು ಕಾರ್ಟ್ರಿಜ್‌ಗಳಲ್ಲದೆ ಇಂಗ್ಲೆಂಡಿನದೊಂದು, ಅಮೆರಿಕದ್ದೊಂದು ಇವೆ. ಇಂಗ್ಲೆಂಡಿನದು ಸರಿಯಾಗಿ ಕೂರುತ್ತದೆ, ಅಮೆರಿಕದ್ದು ಒಳಗೇ ಹೋಗುವುದಿಲ್ಲ. ಇಂಗ್ಲೆಂಡಿನದನ್ನು ಆಡಬಹುದು ತಾನೆ? ಕೊನೆಯದಾಗಿ, ದುಬೈಯಲ್ಲಿರುವ ತಮ್ಮ ಕಳಿಸುವ ಪಿಎಸ್ 5 (ಸೋನಿಯ ಪ್ಲೇಸ್ಟೇಷನ್ 5) ಡಿಸ್ಕ್‌ಗಳು ಇಲ್ಲಿ ಕೊಂಡ ಪಿಎಸ್ 5ರಲ್ಲಿ ನಡೆಯುತ್ತವೆಯೆ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ತುಂಬ ಸಮಾಧಾನ ಕೊಟ್ಟ ಮಾತು ‘ಇನ್ನೂ ಕರೆಂಟಿಗೆ ಹಾಕಿಲ್ಲ’ ಎಂಬುದು. ಸದ್ಯಕ್ಕೆ ಹಾಗೆಯೇ ಇರಲಿ. ಸ್ವಿಚ್ 2 ಎಲ್ಲಿಗೂ ಓಡಿಹೋಗುವುದಿಲ್ಲ, ಅಟ್ಟದಿಂದ ಇಳಿದದ್ದನ್ನು ಮೊದಲು ನೋಡೋಣ.

ಜಪಾನಿನ ಮನೆಗಳಿಗೆ ಬರುವ ವಿದ್ಯುತ್ತು 100 ವೋಲ್ಟ್, ನಮ್ಮದು 230. ಆ ಕಾಲದ ಅಡಾಪ್ಟರಿನ ಒಳಗಿರುವುದು ತಾಮ್ರದ ತಂತಿ ಸುತ್ತಿದ ಪುಟ್ಟ ಟ್ರಾನ್ಸ್‌ಫಾರ್ಮರ್. ಈಗಿನ ಮೊಬೈಲ್ ಚಾರ್ಜರಿನ ಹಾಗೆ 100ರಿಂದ 240ರವರೆಗೆ ಏನು ಬಂದರೂ ನುಂಗಿಕೊಳ್ಳುವ ಜಾತಿಯಲ್ಲ ಅದು. ನಾನು ಮಡಿಕೇರಿಯಲ್ಲಿ ರೇಡಿಯೊ, ಟಿವಿ ರಿಪೇರಿಗೆ ಕೂತ ಹೊಸತರಲ್ಲಿ, ಸೇನೆಯಿಂದ ನಿವೃತ್ತರಾಗಿದ್ದ ಹಿರಿಯರೊಬ್ಬರು ಮೊಮ್ಮಗನಿಗೆಂದು ಇಂಥದ್ದೇ ಒಂದು ಜಪಾನಿ ಪೆಟ್ಟಿಗೆ ತಂದಿದ್ದರು. ಎರಡು ಚಪ್ಪಟೆ ಕಡ್ಡಿಗಳ ಅದರ ಪ್ಲಗ್ ನಮ್ಮ ಮಲ್ಟಿಪ್ಲಗ್ಗಿನಲ್ಲಿ ಹೇಳಿ ಮಾಡಿಸಿದ ಹಾಗೆ ಕೂತಿತು. ಕೂತದ್ದೆಲ್ಲ ಸರಿ ಎಂದು ನಂಬುವ ವಯಸ್ಸು ನನ್ನದು. ಐದು ನಿಮಿಷದಲ್ಲಿ ವಾರ್ನಿಷ್ ಸುಟ್ಟ ವಾಸನೆ. ಅಡಾಪ್ಟರ್ ಸತ್ತಿತು; ಹೋಗುವಾಗ ಕನ್ಸೋಲಿನ, ಅಂದರೆ ಆಟದ ಪೆಟ್ಟಿಗೆಯ, ಒಳಗಿದ್ದ ಫ್ಯೂಸನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಹಿರಿಯರು ಬೈಯಲಿಲ್ಲ. ‘ಇರಲಿ, ನಿಧಾನಕ್ಕೆ ನೋಡಿ’ ಎಂದು ಹೊರಟರು. ಬೈದಿದ್ದರೆ ಮನಸ್ಸು ಹಗುರವಾಗುತ್ತಿತ್ತು.

ಹೊರದೇಶದ ಪೆಟ್ಟಿಗೆಗೆ ಇರುವ ಮೊದಲ ಬೀಗ ಇದು. ಇದನ್ನು ಯಾವ ಕಂಪನಿಯೂ ಬೇಕೆಂದು ಹಾಕಿದ್ದಲ್ಲ, ಆದರೆ ಉಳಿದ ಬೀಗಗಳು ಆಟವನ್ನಷ್ಟೇ ತಡೆಯುತ್ತವೆ, ಇದು ಪೆಟ್ಟಿಗೆಯನ್ನೇ ಸುಡುತ್ತದೆ. ಪರಿಹಾರ ಸುಲಭ. ಸೂಪರ್ ಫ್ಯಾಮಿಕಾಮ್‌ಗೆ ಬೇಕಾದದ್ದು 10 ವೋಲ್ಟಿನ ಡಿಸಿ, 850 ಮಿಲಿಆಂಪಿಯರ್. ಜಪಾನಿ ಅಡಾಪ್ಟರನ್ನು ನೆನಪಿಗೆ ಇಟ್ಟುಕೊಂಡು, ಇಲ್ಲಿನ 230 ವೋಲ್ಟಿಗೆ ನಡೆಯುವ, 9 ಅಥವಾ 10 ವೋಲ್ಟ್ ಡಿಸಿ ಕೊಡುವ, ಕನಿಷ್ಠ ಒಂದು ಆಂಪಿಯರ್ ಸಾಮರ್ಥ್ಯದ ಅಡಾಪ್ಟರ್ ಕೊಳ್ಳಿ. ಒಂದು ಎಚ್ಚರಿಕೆ: ಈ ಯಂತ್ರಕ್ಕೆ ಪಿನ್ನಿನ ನಡುಭಾಗ ಮೈನಸ್, ಹೊರಬಳೆ ಪ್ಲಸ್. ಮಾರುಕಟ್ಟೆಯಲ್ಲಿ ಸಿಗುವ ಹೆಚ್ಚಿನವು ಇದಕ್ಕೆ ತಿರುಗುಮುರುಗು. ಗಿಟಾರ್ ನುಡಿಸುವವರು ಕಾಲಡಿಯ ಪೆಡಲ್‌ಗಳಿಗೆ ಬಳಸುವ 9 ವೋಲ್ಟ್ ಅಡಾಪ್ಟರ್ ನಡುಭಾಗ ಮೈನಸ್ ಇರುವಂಥದ್ದೇ. ಮೈಸೂರಿಗೆ ಹೋದಾಗ ಎಲೆಕ್ಟ್ರಾನಿಕ್ಸ್ ಅಂಗಡಿ ಸುತ್ತುವ ಬದಲು ಸಂಗೀತ ವಾದ್ಯಗಳ ಅಂಗಡಿಗೆ ಹೋಗಿ, ಆಂಪಿಯರ್ ನೋಡಿ ಕೊಳ್ಳಿ. ನಿಂಟೆಂಡೊ ಇದಕ್ಕೂ ಮೊದಲು ಅಮೆರಿಕದಲ್ಲಿ ಮಾರುತ್ತಿದ್ದ ಎನ್‌ಇಎಸ್‌ನ ಅಡಾಪ್ಟರ್ ಎಲ್ಲಾದರೂ ಸಿಕ್ಕಿದರೆ ‘ಅದೇ ಕಂಪನಿಯದಲ್ಲವೆ’ ಎಂದು ಚುಚ್ಚಬೇಡಿ. ಅದು ಕೊಡುವುದು ಡಿಸಿ ಅಲ್ಲ, ಎಸಿ.

ಟಿವಿಗೆ ಜೋಡಿಸುವಾಗ ಆಂಟೆನಾ ತಂತಿಯನ್ನು ಬಿಟ್ಟು ಹಳದಿ, ಬಿಳಿ, ಕೆಂಪಿನ ಎವಿ ತಂತಿ ಬಳಸಿ. ಜಪಾನಿನದು ಎನ್‌ಟಿಎಸ್‌ಸಿ, ನಮ್ಮದು ಪಾಲ್ ಎಂಬ ಟಿವಿ ಸಂಕೇತ ಪದ್ಧತಿಯ ಭೇದ ಹಳೆಯ ಡಬ್ಬಿ ಟಿವಿಗಳಲ್ಲಿ ಬಣ್ಣ ಕಳೆದು ಚಿತ್ರ ಉರುಳಿಸುತ್ತಿತ್ತು. ಈಗಿನ ಎಲ್‌ಸಿಡಿಗಳಲ್ಲಿ ಎವಿ ತೂತು ಇದ್ದರೆ ಸಾಮಾನ್ಯವಾಗಿ ಎರಡನ್ನೂ ಒಪ್ಪುತ್ತವೆ.

ಈಗ ನಿಮ್ಮ ಎರಡು ಕಾರ್ಟ್ರಿಜ್‌ಗಳಿಗೆ ಬರುತ್ತೇನೆ. ಇಲ್ಲಿ ಕಣ್ಣು ಹೇಳುವುದು ಒಂದು, ನಿಜ ಇನ್ನೊಂದು. ಸರಿಯಾಗಿ ಕೂರುವ ಇಂಗ್ಲೆಂಡಿನ ಕಾರ್ಟ್ರಿಜ್ ನಿಮ್ಮ ಯಂತ್ರದಲ್ಲಿ ಓಡುವುದಿಲ್ಲ. ತೆರೆ ಕಪ್ಪಾಗಿಯೇ ಇರುತ್ತದೆ. ಒಳಗೇ ಹೋಗದ ಅಮೆರಿಕದ್ದು, ಹೇಗಾದರೂ ಕೂರಿಸಿದಿರಾದರೆ, ಏನೂ ತಕರಾರಿಲ್ಲದೆ ಓಡುತ್ತದೆ.

ಕಾರಣ ಇಷ್ಟು. ಸೂಪರ್ ಫ್ಯಾಮಿಕಾಮ್ ಜಪಾನಿನಲ್ಲಿ 1990ರ ನವೆಂಬರಿನಲ್ಲಿ ಬಂತು. ಮರುವರ್ಷ ಅಮೆರಿಕಕ್ಕೆ ಹೋಗುವಾಗ ಕಂಪನಿಯವರು ಪೆಟ್ಟಿಗೆಯ, ಕಾರ್ಟ್ರಿಜ್‌ನ ಆಕಾರವನ್ನೇ ಬದಲಿಸಿ ಚೌಕಾಕಾರ ಮಾಡಿದರು. ಯುರೋಪಿಗೆ ಮಾತ್ರ ಜಪಾನಿನ ದುಂಡು ಆಕಾರವೇ ಹೋಯಿತು. ಒಳಗಿನ ಬೀಗದ ಚಿಪ್ಪಿನಲ್ಲಿ ಜೋಡಿ ಬೇರೆ: ಜಪಾನು, ಅಮೆರಿಕ ಒಂದೇ ಕಡೆ, ಯುರೋಪು ಇನ್ನೊಂದು ಕಡೆ. ಹೀಗಾಗಿ ಅಮೆರಿಕದ ಕಾರ್ಟ್ರಿಜ್‌ಗೆ ಅಡ್ಡಿಯಾಗಿರುವುದು ಬರೀ ಪ್ಲಾಸ್ಟಿಕ್. ಅದರ ಕವಚ ಬಿಚ್ಚಿ ಒಳಗಿನ ಹಲಗೆಯನ್ನು ಜಪಾನಿ ಕಾರ್ಟ್ರಿಜ್‌ನ ಕವಚಕ್ಕೆ ಹಾಕಿದರೆ ಮುಗಿಯಿತು. ಕವಚದ ಸ್ಕ್ರೂಗಳಿಗೆ ಮಾಮೂಲಿ ಸ್ಕ್ರೂಡ್ರೈವರ್ ಹಿಡಿಯುವುದಿಲ್ಲ, 3.8 ಮಿಲಿಮೀಟರಿನ ವಿಶೇಷ ಬಿಟ್ ಬೇಕು. ಸುಟ್ಟ ಬಾಲ್‌ಪೆನ್ನಿನ ತುದಿಯಿಂದ ತಿರುಗಿಸುವವರೂ ಇದ್ದಾರೆ. ನನ್ನ ಮೇಜಿಗೆ ಬರುವ ತಲೆ ಸವೆದ ಸ್ಕ್ರೂಗಳೆಲ್ಲ ಅಂಥವರ ಕೊಡುಗೆ. ಅಮೆರಿಕದ ಯಂತ್ರ ಇರುವವರ ಕಷ್ಟ ಇನ್ನೂ ಸಣ್ಣದು: ಜಪಾನಿ ಕಾರ್ಟ್ರಿಜ್‌ಗೆ ಅಡ್ಡ ನಿಲ್ಲುವ ಎರಡು ಪ್ಲಾಸ್ಟಿಕ್ ಮೊಳೆಗಳನ್ನು ಇಕ್ಕಳದಿಂದ ಮುರಿದರೆ ‘ರೀಜನ್ ಲಾಕ್’ ಎಂಬ ಭಾರಿ ಹೆಸರಿನ ಆ ಬೀಗ ಅಲ್ಲಿಗೆ ಇಲ್ಲವಾಗುತ್ತದೆ.

ಇಂಗ್ಲೆಂಡಿನದಕ್ಕೆ ಇರುವುದು ನಿಜವಾದ ಬೀಗ. ಅದು ಕೆಲಸ ಮಾಡುವ ರೀತಿ ನನಗೆ ಈಗಲೂ ಚೆಂದ ಅನಿಸುತ್ತದೆ. ಕನ್ಸೋಲಿನಲ್ಲಿ ಒಂದು ಪುಟ್ಟ ಚಿಪ್, ಕಾರ್ಟ್ರಿಜ್‌ನಲ್ಲಿ ಅದರದೇ ಅವಳಿ. ಸ್ವಿಚ್ ಹಾಕಿದ ಕೂಡಲೇ ಎರಡೂ ಒಂದೇ ಲೆಕ್ಕವನ್ನು ಒಂದೇ ತಾಳಕ್ಕೆ ಮಾಡುತ್ತ, ಉತ್ತರಗಳನ್ನು ಪರಸ್ಪರ ಒಪ್ಪಿಸುತ್ತ ಹೋಗುತ್ತವೆ. ತಾಳ ತಪ್ಪಿದರೆ ಕನ್ಸೋಲಿನ ಚಿಪ್ ಇಡೀ ಯಂತ್ರವನ್ನು ಹಿಡಿದು ನಿಲ್ಲಿಸುತ್ತದೆ. ಅವಳಿಗಳಲ್ಲಿ ‘ನೀನು ಬೀಗ’, ‘ನೀನು ಕೀಲಿ’ ಎಂದು ಬೇರ್ಪಡಿಸುವುದು ಚಿಪ್ಪಿನ ನಾಲ್ಕನೆಯ ಕಾಲಿಗೆ (ಪಿನ್ನಿಗೆ) ಬರುವ ವೋಲ್ಟೇಜ್ ಮಾತ್ರ. ಆ ಕಾಲನ್ನು ಬೋರ್ಡಿನಿಂದ ಎತ್ತಿ ಗ್ರೌಂಡಿಗೆ ಸೇರಿಸಿದರೆ ಕನ್ಸೋಲಿನ ಚಿಪ್ಪೂ ತಾನು ಕೀಲಿ ಎಂದುಕೊಳ್ಳುತ್ತದೆ. ಎರಡು ಕೀಲಿಗಳು ಎದುರು ಬದುರು ಕೂತಿವೆ, ಬೀಗವೇ ಇಲ್ಲ. ಯಂತ್ರವನ್ನು ನಿಲ್ಲಿಸುವವರು ಯಾರು?

ಹತ್ತು ನಿಮಿಷದ ಬೆಸುಗೆ ಕೆಲಸ. ಆದರೂ ನಿಮಗೆ ಬೇಡ ಎನ್ನುತ್ತೇನೆ. ಕೆಲವು ಕಾರ್ಟ್ರಿಜ್‌ಗಳ ಒಳಗೆ ಎಸ್‌ಎ-1 ಎಂಬ ಹೆಚ್ಚುವರಿ ಪ್ರೊಸೆಸರ್ ಇರುತ್ತದೆ. ಅದು ಎದುರಿಗೆ ಬೀಗ ಕಾಣದಿದ್ದರೆ ತಾನೇ ಮುಷ್ಕರ ಹೂಡುತ್ತದೆ, ಆಗ ನಿಮ್ಮ ಒಳ್ಳೆಯ ಜಪಾನಿ ಕಾರ್ಟ್ರಿಜ್‌ಗಳಲ್ಲೇ ಕೆಲವು ನಿಂತಾವು. ಇದಕ್ಕೂ ಮದ್ದಿದೆ, ಸೂಪರ್‌ಸಿಐಸಿ ಎಂಬ ಬದಲಿ ಚಿಪ್. ಒಂದು ಕಾರ್ಟ್ರಿಜ್‌ಗಾಗಿ ಇಷ್ಟು ದೂರ ಹೋಗಬೇಕೆ? ಮತ್ತೆ ಯುರೋಪಿನದು 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸಲ ಚಿತ್ರ ಬದಲಿಸುವ ಲೆಕ್ಕದ್ದು, ನಿಮ್ಮ ಯಂತ್ರ 60ರದ್ದು. ಜಪಾನಿನಲ್ಲಿ ತಯಾರಾದ ಎಷ್ಟೋ ಆಟಗಳು ಯುರೋಪಿಗೆ ಹೋದಾಗ ಆರನೆಯ ಒಂದು ಪಾಲು ನಿಧಾನವಾಗಿ ನಡೆಯುತ್ತಿದ್ದವು. ಅಂಥವು ನಿಮ್ಮಲ್ಲಿ ಮೂಲ ವೇಗಕ್ಕೆ ಮರಳುತ್ತವೆ. ಆದರೆ 50ಕ್ಕೆಂದೇ ಹದ ಮಾಡಿದ ಆಟ ಕೀಲಿ ಕೊಟ್ಟ ಗೊಂಬೆಯ ಹಾಗೆ ದಡಬಡಿಸುತ್ತದೆ. ನಿಮಗೆ ಬೇಕಿರುವುದು ಇಂಗ್ಲಿಷಿನಲ್ಲಿ ಆಡುವುದಾದರೆ, ಅಮೆರಿಕದ ಕಾರ್ಟ್ರಿಜ್‌ಗಳೂ ಇಂಗ್ಲಿಷಿನವೇ. ಬೀಗ ಮುಟ್ಟದೆ ಕವಚ ಬದಲಿಸಿ ಆಡಿ. ಇಂಗ್ಲೆಂಡಿನದನ್ನು ಷೋಕೇಸಿನಲ್ಲಿಡಿ.

ಈ ಬೀಗ ಹುಟ್ಟಿದ್ದು ದೇಶ ದೇಶಗಳನ್ನು ಬೇರ್ಪಡಿಸಲೆಂದಲ್ಲ ಎಂಬುದನ್ನೂ ಹೇಳಬೇಕು. ನಿಂಟೆಂಡೊದ ಮೊದಲ ಫ್ಯಾಮಿಕಾಮ್ 1983ರಲ್ಲಿ ಜಪಾನಿನಲ್ಲಿ ಬಂದಾಗ ಅದರಲ್ಲಿ ಬೀಗದ ಚಿಪ್ಪೇ ಇರಲಿಲ್ಲ. ಅದೇ ವರ್ಷ ಅಮೆರಿಕದ ವಿಡಿಯೊ ಗೇಮ್ ಮಾರುಕಟ್ಟೆ ಕುಸಿದುಬಿತ್ತು. ಯಾರು ಬೇಕಾದರೂ ಕಳಪೆ ಆಟ ಮಾಡಿ ಸುರಿದದ್ದು ಅದಕ್ಕೊಂದು ಕಾರಣ. 1985ರಲ್ಲಿ ಅಲ್ಲಿಗೆ ಹೋಗುವಾಗ, ತನ್ನ ಅನುಮತಿ ಇಲ್ಲದೆ ಯಾರೂ ಕಾರ್ಟ್ರಿಜ್ ಮಾಡಬಾರದೆಂದು ನಿಂಟೆಂಡೊ ಈ ಅವಳಿ ಚಿಪ್ ಹಾಕಿತು. ಬೇಲಿ ಹಾಕಿದ ಮೇಲೆ ಅದನ್ನೇ ಗಡಿಯಾಗಿಯೂ ಬಳಸಬಹುದಲ್ಲ: ಒಂದು ದೇಶದಲ್ಲಿ ಅಗ್ಗಕ್ಕೆ ಮಾರಿದ್ದು ಇನ್ನೊಂದಕ್ಕೆ ಹೋಗದಂತೆ, ಬಿಡುಗಡೆಯ ದಿನ ಬೇರೆ ಬೇರೆ ಇಟ್ಟುಕೊಳ್ಳುವಂತೆ, ಆಯಾ ದೇಶದ ಮಾರಾಟಗಾರನ ಪಾಲು ಕೆಡದಂತೆ. ನಮ್ಮ ಪಾಲಿಗೆ ಮಾತ್ರ ಬೀಗವಿಲ್ಲದ ಆ ಮೊದಲ ಪೆಟ್ಟಿಗೆಯೇ ವರವಾಯಿತು. ತೊಂಬತ್ತರ ದಶಕದಲ್ಲಿ ಮಡಿಕೇರಿ, ವಿರಾಜಪೇಟೆಯ ಮನೆಗಳಲ್ಲಿ ಬೇಸಿಗೆ ರಜೆಯಲ್ಲಿ ಮಕ್ಕಳು ಕಚ್ಚಾಡಿಕೊಂಡು ಆಡಿದ ‘ಟಿವಿ ಗೇಮ್’ಗಳು ಅದರದೇ ನಕಲುಗಳು, ಹಳದಿ ಕಾರ್ಟ್ರಿಜ್, 60 ಪಿನ್. ಅಂಥದ್ದೊಂದು ನಿಮ್ಮ ಮನೆಯಲ್ಲಿ ಉಳಿದಿದ್ದರೆ, ಜಪಾನಿನ ಮೂಲ ಫ್ಯಾಮಿಕಾಮ್ ಕಾರ್ಟ್ರಿಜ್ ಹಾಕಿ ನೋಡಿ. ಅಡ್ಡಗಟ್ಟುವ ಚಿಪ್ ಎರಡು ಕಡೆಯೂ ಇಲ್ಲ.

ಚಿಪ್ ಹಾಕುತ್ತೇನೆಂದ ಅಂಗಡಿಯವರ ಮಾತಿಗೆ ಬರುವ ಮುನ್ನ ಮೊದಲ ಪ್ಲೇಸ್ಟೇಷನ್ನಿನ ಕತೆ ತಿಳಿದಿರಬೇಕು. ‘ಚಿಪ್ ಹಾಕಿಸುವುದು’ ಎಂಬ ಮಾತು ನಮ್ಮಲ್ಲಿ ರೂಢಿಯಾದದ್ದೇ ಅದರಿಂದ. ಸೋನಿ 1994ರ ಡಿಸೆಂಬರಿನಲ್ಲಿ ಅದನ್ನು ಬಿಟ್ಟಾಗ ಆಟಗಳು ಸಿಡಿಯಲ್ಲಿ ಬಂದವು. ಸಿಡಿಯಲ್ಲಿ ಅವಳಿ ಚಿಪ್ ಕೂರಿಸುವುದೆಲ್ಲಿ? ಅವರು ಡಿಸ್ಕಿನ ಸುರುಳಿ ಗೆರೆಯ ಆರಂಭದ ಭಾಗದಲ್ಲಿ ಕಣ್ಣಿಗೆ ಕಾಣದ ಸಣ್ಣ ಓಲಾಟವೊಂದನ್ನು ಕೊಟ್ಟು, ಆ ಓಲಾಟದಲ್ಲೇ ನಾಲ್ಕು ಅಕ್ಷರ ಅಡಗಿಸಿದರು. ಜಪಾನಿನದಕ್ಕೆ ಎಸ್‌ಸಿಇಐ, ಅಮೆರಿಕಕ್ಕೆ ಎಸ್‌ಸಿಇಎ, ಯುರೋಪಿಗೆ ಎಸ್‌ಸಿಇಇ. ಯಂತ್ರ ತನ್ನ ವಲಯದ ಅಕ್ಷರಗಳನ್ನು ಓದಿದರೆ ಮಾತ್ರ ಆಟ ಶುರು. ಮನೆಯಲ್ಲಿ ಸಿಡಿ ಬರೆಯುವ ಯಂತ್ರಕ್ಕೆ ಡಿಸ್ಕಿನಲ್ಲಿ ಮಾಹಿತಿಯನ್ನಷ್ಟೇ ಬರೆಯಲು ಬರುತ್ತದೆ, ಗೆರೆಯನ್ನೇ ಓಲಾಡಿಸಲು ಬರುವುದಿಲ್ಲ; ಖಾಲಿ ಸಿಡಿಯಲ್ಲಿ ಗೆರೆ ಕಾರ್ಖಾನೆಯಲ್ಲೇ ಕೊರೆದಾಗಿರುತ್ತದೆ. ಒಂದೇ ಕಲ್ಲಿಗೆ ಎರಡು ಹಕ್ಕಿ: ಹೊರವಲಯದ ಅಸಲಿ ಡಿಸ್ಕೂ ನಡೆಯದು, ನಕಲಿ ಡಿಸ್ಕೂ ನಡೆಯದು.

ಚಿಪ್ ಮಾಡುತ್ತಿದ್ದುದು ಇಷ್ಟೇ. ಯಂತ್ರ ಅಕ್ಷರ ಕೇಳುವ ಹೊತ್ತಿಗೆ ಡಿಸ್ಕಿನ ಪರವಾಗಿ ತಾನೇ ಅವುಗಳನ್ನು ಕೂಗಿಬಿಡುವುದು. ಹಾಜರಿ ಕರೆಯುವಾಗ ಬಾರದ ಗೆಳೆಯನ ಪರವಾಗಿ ಹಿಂದಿನ ಬೆಂಚಿನಿಂದ ‘ಬಂದಿದ್ದೇನೆ ಸಾರ್’ ಎನ್ನುವ ಹಾಗೆ. ಹೀಗೆ ಕೂಗುವವನಿಗೆ ಗೆಳೆಯ ಜ್ವರದಿಂದ ಮಲಗಿದ್ದಾನೋ, ಸಿನಿಮಾಕ್ಕೆ ಹೋಗಿದ್ದಾನೋ ಬೇಕಿಲ್ಲ. ಜಪಾನಿನಲ್ಲಿ ಪೂರ್ತಿ ಬೆಲೆ ಕೊಟ್ಟು ಕೊಂಡ ಡಿಸ್ಕಿಗೂ, ಮೂವತ್ತು ರೂಪಾಯಿಯ ನಕಲಿಗೂ ಚಿಪ್ ಒಂದೇ ದನಿಯಲ್ಲಿ ಹಾಜರಿ ಹೇಳುತ್ತಿತ್ತು. ಆ ದಿನಗಳಲ್ಲಿ ನಾನೂ ಹತ್ತಾರು ಚಿಪ್ ಹಾಕಿದ್ದೇನೆ, ಮುಚ್ಚಿಡುವುದಿಲ್ಲ. ಅಸಲಿ ಹೊರದೇಶದ ಡಿಸ್ಕ್ ಆಡಲೆಂದು ಹಾಕಿಸಿಕೊಂಡವರನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದಿತ್ತು.

ನಿಮ್ಮ ಸ್ವಿಚ್ 2ರಲ್ಲಿ ಇರುವುದು ಈ ಯಾವ ಬೀಗವೂ ಅಲ್ಲ. ಅದಕ್ಕೇ ಇಷ್ಟೆಲ್ಲ ಹೇಳಿದೆ. 2025ರ ಜೂನ್ 5ರಂದು ಅದು ಬಿಡುಗಡೆಯಾದಾಗ ಜಪಾನಿನಲ್ಲಿ ಎರಡು ಬಗೆಯಾಗಿ ಬಂತು. ಜಪಾನಿ ಭಾಷೆ ಮಾತ್ರ ಇರುವುದು 49,980 ಯೆನ್. ಹಲವು ಭಾಷೆಗಳಿರುವುದು 69,980 ಯೆನ್. ಭಾವನಿಗೆ ಅಗ್ಗಕ್ಕೆ ಸಿಕ್ಕಿದ್ದು ಮೊದಲನೆಯದು. ಯೆನ್ನಿನ ಬೆಲೆ ಇಳಿದಿದ್ದ ಹೊತ್ತಿನಲ್ಲಿ ಹೊರದೇಶದವರೆಲ್ಲ ಬಂದು ಬಾಚಿಕೊಂಡು ಹೋಗದೆ, ಅಲ್ಲಿನ ಜನಕ್ಕೆ ಕೈಗೆಟುಕುವ ದರದಲ್ಲಿ ಸಿಗಲೆಂದು ಮಾಡಿದ ಉಪಾಯ ಎಂದು ನಾನು ತಿಳಿದಿದ್ದೇನೆ. ಈ ಬಗೆಯ ಯಂತ್ರಕ್ಕೆ, ದೇಶ ‘ಜಪಾನ್’ ಎಂದಿರುವ ನಿಂಟೆಂಡೊ ಖಾತೆ ಮಾತ್ರ ಸೇರುತ್ತದೆ. ಅಂದರೆ ನಿಮ್ಮ ಕೈಯಲ್ಲಿರುವುದು ಕೆಟ್ಟ ಯಂತ್ರವಲ್ಲ, ಲಾಕ್ ಆದ ಯಂತ್ರವೂ ಅಲ್ಲ, ಬೇರೆ ಸರಕು. ಬೀಗ ಇರುವುದು ಬೋರ್ಡಿನ ಮೇಲಿನ ಯಾವುದೋ ಕಾಲಿನಲ್ಲಿ ಅಲ್ಲ, ಒಳಗಿನ ತಂತ್ರಾಂಶದಲ್ಲಿ ಮತ್ತು ಕಂಪನಿಯ ಸರ್ವರಿನಲ್ಲಿ. ಎತ್ತಲು ನಾಲ್ಕನೆಯ ಕಾಲಿಲ್ಲ.

ಆದ್ದರಿಂದ ಆರು ಸಾವಿರ ಕೊಡಬೇಡಿ. ಅಂಗಡಿಯವರು ‘ಲಾಕ್ ತೆಗೆಯುವುದು’ ಎನ್ನುವಾಗ ಅವರ ಮನಸ್ಸಿನಲ್ಲಿರುವುದು ಬಹುತೇಕ ನಕಲಿ ಆಟ ತುಂಬುವ ಕೆಲಸ. ಅದರ ಬೆಲೆ ಈಗ ಮೊದಲಿಗಿಂತ ದುಬಾರಿ: ಆಟಗಳ ಪ್ರತಿ ತುಂಬಿಕೊಳ್ಳುವ ಫ್ಲ್ಯಾಷ್ ಕಾರ್ಡ್ ಬಳಸಿದ ಸ್ವಿಚ್ 2 ಯಂತ್ರಗಳನ್ನು ನಿಂಟೆಂಡೊ ಬಿಡುಗಡೆಯಾದ ತಿಂಗಳಲ್ಲೇ ಆನ್‌ಲೈನ್ ಸೇವೆಗಳಿಂದ ಹೊರಗಿಟ್ಟಿತು. ಹೊರಗಿಡುವುದು ಖಾತೆಯನ್ನಲ್ಲ, ಯಂತ್ರವನ್ನೇ. ಆಮೇಲೆ ಅದನ್ನು ಮಾರಲು ಹೋದರೆ ಕೊಳ್ಳುವವರಿಲ್ಲ. ನಿಂಟೆಂಡೊ ಭಾರತದಲ್ಲಿ ಅಧಿಕೃತವಾಗಿ ವ್ಯಾಪಾರ ಮಾಡುವುದೇ ಇಲ್ಲ, ಹಾಗಾಗಿ ವಾರಂಟಿ ಕೇಳಲು ಹೋಗುವ ಬಾಗಿಲೂ ಇಲ್ಲ.

ಹಾಗಾದರೆ ಏನು ಮಾಡುವುದು? ಆಡುವುದು ಮುಖ್ಯ, ಭಾಷೆ ಹೇಗೋ ನಡೆಯುತ್ತದೆ ಎಂದರೆ ನಿಂಟೆಂಡೊ ಖಾತೆಯ ದೇಶವನ್ನು ಜಪಾನ್ ಎಂದು ಬದಲಿಸಿಕೊಳ್ಳಿ. ಅದಕ್ಕೆ ಖಾತೆಯ ಸೆಟ್ಟಿಂಗಿನಲ್ಲೇ ಅವಕಾಶ ಇದೆ, ಕಳ್ಳದಾರಿ ಅಲ್ಲ. ಆದರೆ ಜಪಾನಿನ ನಿಂಟೆಂಡೊ ಅಂಗಡಿ 2025ರ ಮಾರ್ಚ್ 25ರಿಂದ ಹೊರದೇಶದ ಕ್ರೆಡಿಟ್ ಕಾರ್ಡ್‌ಗಳನ್ನು ಒಪ್ಪುವುದನ್ನು ನಿಲ್ಲಿಸಿದೆ. ಅಲ್ಲಿನದೇ ಪ್ರೀಪೇಯ್ಡ್ ಕಾರ್ಡ್ ಬೇಕು. ಮುಂದಿನ ಸಲ ಹಡಗು ಯೊಕೊಹಾಮಾಕ್ಕೆ ಹೋದಾಗ ಭಾವನಿಗೆ ಹೇಳಿದರೆ ಆದೀತು. ಆಟದ ಒಳಗೇ ಭಾಷೆ ಆರಿಸಿಕೊಳ್ಳಲು ಬಿಡುವ ಆಟಗಳಲ್ಲಿ ಇಂಗ್ಲಿಷ್ ಸಿಗುತ್ತದೆ. ಯಂತ್ರದ ಭಾಷೆಯನ್ನೇ ಅನುಸರಿಸುವ ಆಟಗಳಲ್ಲಿ ಜಪಾನಿಯೇ ಗತಿ. ಕಾರುಗಳ ಓಟ, ಹೊಡೆದಾಟದ ಆಟಗಳಿಗೆ ಭಾಷೆ ಬೇಡ. ಕತೆ ಹೇಳುವ ಆಟವನ್ನು ಜಪಾನಿಯಲ್ಲಿ ಆಡುವುದೆಂದರೆ ಮಾತು ತಿಳಿಯದ ಮದುವೆಮನೆಯಲ್ಲಿ ಊಟದ ಪಂಕ್ತಿಗೆ ಕಾದ ಹಾಗೆ.

ನನ್ನನ್ನು ಕೇಳಿದರೆ ಮಾರಿಬಿಡಿ. ಜಪಾನಿ ಕಲಿಯುವವರು ಬೆಂಗಳೂರು, ಮೈಸೂರಿನಲ್ಲಿ ಸಾಕಷ್ಟಿದ್ದಾರೆ. ಅವರಿಗೆ ಇದು ಬೇಕೆಂದೇ ಹುಡುಕುವ ಸರಕು. ‘ಜಪಾನಿ ಭಾಷೆ ಮಾತ್ರ’ ಎಂದು ಬಾಯಿಬಿಟ್ಟು ಹೇಳಿ ಮಾರಿ. ಬಂದ ಹಣಕ್ಕೆ ಇನ್ನಷ್ಟು ಸೇರಿಸಿ ಹಲವು ಭಾಷೆಗಳ ಬಗೆಯನ್ನು ತರಿಸಿ. ಸ್ವಿಚ್‌ನ ಅಡಾಪ್ಟರ್ 100ರಿಂದ 240 ವೋಲ್ಟಿನವರೆಗೂ ನಡೆಯುವಂಥದ್ದು, ಅದಕ್ಕೆ ಪ್ಲಗ್ಗಿನ ಆಕಾರ ಬದಲಿಸುವ ಸಣ್ಣ ತುಂಡು ಸಾಕು.

ಕಾನೂನಿನ ಮಾತು ಒಂದಿಷ್ಟು. ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ 65ಎ ಎಂಬ ಕಲಂ ಸೇರಿತು. ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ಇಂಥ ತಾಂತ್ರಿಕ ತಡೆಯನ್ನು ಮುರಿದರೆ ಎರಡು ವರ್ಷದವರೆಗೆ ಸಜೆ, ದಂಡ ಎನ್ನುತ್ತದೆ ಅದು. ‘ಉದ್ದೇಶದಿಂದ’ ಎಂಬ ಪದವನ್ನು ಗಮನಿಸಿ. ಕೊಂಡ ಯಂತ್ರದಲ್ಲಿ ಕೊಂಡ ಕಾರ್ಟ್ರಿಜ್ ಆಡಲು ಪ್ಲಾಸ್ಟಿಕ್ ಕವಚ ಬದಲಿಸುವವನಿಗೂ, ನಕಲಿ ತುಂಬಿ ಮಾರುವವನಿಗೂ ನಡುವೆ ಗೆರೆ ಎಳೆಯುವುದು ಆ ಪದ. ನಾನು ವಕೀಲನಲ್ಲ, ಆದರೆ ನನ್ನ ಮೇಜಿನಲ್ಲಿ ಮೊದಲನೆಯದನ್ನು ಮಾಡುತ್ತೇನೆ, ಎರಡನೆಯದನ್ನು ನಿಲ್ಲಿಸಿ ಬಹಳ ಕಾಲವಾಯಿತು.

ಪಿಎಸ್ 5ರದು ಸುಲಭ. ಆಟದ ಡಿಸ್ಕ್‌ಗಳಿಗೆ ವಲಯದ ತಡೆ ಇಲ್ಲ, ದುಬೈಯದು ಇಲ್ಲಿ ನಡೆಯುತ್ತದೆ. ಎಡವುವುದು ಎರಡು ಕಡೆ. ಆಟಕ್ಕೆ ಆಮೇಲೆ ಕೊಳ್ಳುವ ಹೆಚ್ಚುವರಿ ಭಾಗಗಳು ಡಿಸ್ಕ್ ಯಾವ ವಲಯದ್ದೋ ಆ ವಲಯದ ಅಂಗಡಿಯದೇ ಆಗಿರಬೇಕು; ನಿಮ್ಮ ಭಾರತದ ಖಾತೆಯಿಂದ ಕೊಂಡದ್ದು ಆ ಡಿಸ್ಕಿಗೆ ಹೊಂದದೆ ಹೋಗಬಹುದು, ಖಾತೆಯ ದೇಶವನ್ನು ನಿಂಟೆಂಡೊದ ಹಾಗೆ ಇಲ್ಲಿ ಬದಲಿಸಲೂ ಆಗುವುದಿಲ್ಲ. ಇನ್ನೊಂದು, ಆಟಕ್ಕೆ ಬೀಗವಿಲ್ಲದಿದ್ದರೂ ಸಿನಿಮಾಕ್ಕೆ ಇದೆ. ಬ್ಲೂ-ರೇಯಲ್ಲಿ ಭಾರತ ಸಿ ವಲಯ, ದುಬೈ ಬಿ. ಡಿವಿಡಿಯಲ್ಲಿ ನಾವು 5, ಅವರು 2. 4ಕೆ ಬ್ಲೂ-ರೇ ಡಿಸ್ಕ್‌ಗಳಿಗೆ ಈ ವಲಯಗಳೇ ಇಲ್ಲ. ನಿಮ್ಮ ತಮ್ಮ ಸಿನಿಮಾ ಕಳಿಸುವುದಿದ್ದರೆ ಅದನ್ನೇ ಕಳಿಸಲಿ.

ಅಟ್ಟಕ್ಕೆ ಮರಳಿ ಕೊನೆಯ ಮಾತು. ನಮ್ಮ ಮಳೆಗಾಲ ಹಾಸಿಗೆ, ಬೂಟು, ಬೆಲ್ಟಿಗೆ ಬೂಸ್ಟು ಹಿಡಿಸುವ ಮಳೆಗಾಲ. ಅಷ್ಟು ವರ್ಷ ಅದರಲ್ಲಿ ಬಿದ್ದಿದ್ದ ಕಾರ್ಟ್ರಿಜ್‌ಗಳ ತಾಮ್ರದ ಹಲ್ಲುಗಳು ಹಸಿರುಗಟ್ಟಿರುತ್ತವೆ. ಬಾಯಿಂದ ಊದಬೇಡಿ, ಉಗುಳಿನ ತೇವ ಇನ್ನಷ್ಟು ಕೆಡಿಸುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲನ್ನು ಹತ್ತಿಕಡ್ಡಿಗೆ ತಾಕಿಸಿ, ಕಡ್ಡಿ ಬೆಳ್ಳಗೆ ಹೊರಬರುವವರೆಗೆ ಒರೆಸಿ, ಪೂರ್ತಿ ಒಣಗಿಸಿ. ಆಟದ ಪ್ರಗತಿ ಉಳಿಸಿಕೊಳ್ಳುವ ಕಾರ್ಟ್ರಿಜ್‌ಗಳ ಒಳಗೆ ನಾಣ್ಯದಂಥ ಬ್ಯಾಟರಿ ಬೆಸೆದಿರುತ್ತಾರೆ, ಹೆಚ್ಚಾಗಿ ಸಿಆರ್ 2032. ಮೂವತ್ತು ವರ್ಷದ ಮೇಲೆ ಅದು ಸತ್ತಿರುವ ಸಂಭವವೇ ಹೆಚ್ಚು; ಕೆಲವು ಇನ್ನೂ ಉಸಿರಾಡುತ್ತಿರುವುದನ್ನು ಕಂಡಿದ್ದೇನೆ. ಅದನ್ನು ತೆಗೆದ ಕ್ಷಣ ಉಳಿಸಿದ್ದ ಆಟ ಅಳಿದುಹೋಗುತ್ತದೆ. ಹಾಗಾಗಿ ಬ್ಯಾಟರಿ ಬದಲಿಸಲು ನನ್ನ ಹತ್ತಿರ ತರುವ ಮೊದಲು, ಹೊಸ ಅಡಾಪ್ಟರ್ ಹಾಕಿ, ಒಂದೊಂದೇ ಕಾರ್ಟ್ರಿಜ್ ಹಚ್ಚಿ, ದೊಡ್ಡಪ್ಪನವರನ್ನು ಟಿವಿ ಎದುರು ಕೂರಿಸಿ ಅವರದೇನಾದರೂ ಉಳಿದಿದೆಯೇ ನೋಡಿಕೊಳ್ಳಿ.